ಬನಶಂಕರಿ ಜಾತ್ರ್ಯಾಗಿನ ಕಂಪನಿ ನಾಟಕ: ಟಿಕೆಟ್ ತಗದು ನೋಡೂ ಹಂಗ ಅದಾವೇನು?

ಬನದ ಹುಣ್ಣಿಮಿ ಹತ್ರ ಬಂತಂದ್ರ ಆಫೀಸಿನ ಮಂದಿ, ಕಾಲೇಜಿನ ಗೆಳತ್ಯಾರು ಎಲ್ಲಾರೂ ಕೇಳೂದು ಒಂದ ಪ್ರಶ್ನಿ, ಬಾದಾಮಿ ಕಡೆ ಹೊಂಟೀವಿ, ಜಾತ್ರ್ಯಾಗಿನ ನಾಟಕ ನೋಡಬಹುದೇನ, ಮನಿ ಮಂದಿನ್ನ ಕರಕೊಂಡು ಕುಂದರೂ ಹಂಗ ಇರ್ತಾವೇನ ಅಂತ. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳಿ ಹೇಳಿ ಸಾಕಾತು, ಅದಕ್ಕ ಈ ಸಲ ಹೋಗಿ ನೋಡಿ ಬಂದದ್ದನ್ನ ಪೂರಾ ಬರದಬಿಡ್ತೀನಿ. ಕಂಪನಿ ಹೆಸರ ಹೇಳೂದಿಲ್ಲ, ಯಾಕಂದ್ರ ನಡಬರಕ ಬೈಯೂದೂ ಐತಿ, ಜಾತ್ರಿ ನಂಬಿಕೊಂಡು ಬಂದವ್ರ ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾಡ, ಮತ್ತ ನಾ ಹೇಳೂ ಮಾತು ಹೆಚ್ಚುಕಮ್ಮಿ ಅಲ್ಲಿ ಥೇಟರ ಹಾಕಿದ ಎಲ್ಲಾರಿಗೂ ಹೊಂದತೈತಿ.

ಗೊತ್ತಿಲ್ಲದವ್ರಿಗೆ ಒಂದೀಟು. ಬಾದಾಮಿಯಿಂದ ಐದು ಕಿಲೋಮೀಟರ್ ಆಸುಪಾಸು ಚೊಳಚಗುಡ್ಡ, ಅಲ್ಲೆ ಬನಶಂಕರಿ ಗುಡಿ, ಪುಷ್ಯದ ಹುಣ್ಣಿಮಿಗೆ ತೇರು. ತೇರಿಗಿಂತ ಮೊದಲ ಪಲ್ಲೇದ ಹಬ್ಬ, ಶಾಕಾಂಬರಿ ಅಲ್ಲೇನ ಆಕಿ, 108 ಥರ ಕಾಯಿಪಲ್ಲೆ ಎಡಿ ಹಿಡೀತಾರ. ತೇರು ಎಳದ ಮ್ಯಾಲೂ ಜಾತ್ರಿ ಒಂದು ತಿಂಗಳಮಟಾ ನಡೀತೈತಿ, ಬಾಗಲಾ, ಚೌಕಟ್ಟು ಮಾರೂವ್ರು ಒಂದ ಕಡೆ, ಬಳಿ ಕುಂಕುಮದವ್ರು ಒಂದ ಕಡೆ, ಮತ್ತ ರಸ್ತಾ ಗುಂಟ ಸಾಲಾಗಿ ತಗಡಿನ ಥೇಟರ. ಊರೂರು ತಿರಗಿ ನಾಟಕ ಆಡೂದನ್ನ ಹೊಟ್ಟಿಪಾಡು ಮಾಡಿಕೊಂಡು ರಾಜ್ಯದಾಗ ಇನ್ನೂ ಉಸಿರಾಡ್ಲಿಕತ್ತ ವೃತ್ತಿ ಕಂಪನಿಗೋಳು ಇಷ್ಟು ಮಂದಿ ಒಂದ ಜಾಗಾದಾಗ ಸಿಗೂದು ಅಪರೂಪ. ಒಂದು ಕಂಪನಿ ನಾಟಕ ಹಿಡಸ್ಲಿಲ್ಲಂದ್ರ ನಾಕ ಹೆಜ್ಜಿ ನಡದು ಇನ್ನೊಂದಕ್ಕ ಹೋಗಬಹುದು, ಆ ಸೌಲತ್ತು ಬ್ಯಾರೆ ಎಲ್ಲಿ ಐತಿ ಹೇಳ್ರಿ.

ನಮ್ದು ಸ್ವಲ್ಪ ಬ್ಯಾರೆ ಲೆಕ್ಕ. ನಮ್ಮವ್ವ ಕಂಪನಿಯಾಗ ಹುಟ್ಟಿ ಬೆಳದಾಕಿ. ಆಕಿ ಅಪ್ಪ, ಅಂದ್ರ ನಮ್ಮ ಅಜ್ಜ, ಪೇಟಿ ಮಾಸ್ತರ, ಪೇಟಿ ಅಂದ್ರ ಹಾರ್ಮೋನಿಯಂ. ಕಾಲಿನಿಂದ ತುಳದು ಎರಡೂ ಕೈಲೆ ಬಾರಿಸೂ ಕಾಲ್ಪೇಟಿ, ಅದನ್ನ ಬಿಟ್ರ ಅಜ್ಜಗ ಬ್ಯಾರೆ ಆಸ್ತಿ ಇದ್ದಿಲ್ಲ. ಕ್ಯಾಂಪ್ ಎಲ್ಲೋ ಅವ್ವನ ಸಾಲಿ ಅಲ್ಲೇ, ಒಂದ ವರ್ಷದಾಗ ಮೂರ ಊರಿನ ಹಾಜರಿ ಪುಸ್ತಕದಾಗ ಆಕಿ ಹೆಸರ. ಸಣ್ಣ ಹುಡುಗರ ಪಾರ್ಟು ಬಂದ್ರ ಆಕಿಗೇ, ಗಂಡ ಹುಡುಗಾ ಆದ್ರೂ ಸೈ, ಲೋಹಿತಾಶ್ವ ಆಗಿ ಹಾವ ಕಡಿಸಿಕೊಂಡು ಸತ್ತು ಸತ್ತು ಬ್ಯಾಸರಾಗಿತ್ತು ಅಂತಾಳ. ಮದಿವಿ ಆದ ಮ್ಯಾಲ ಬಣ್ಣಾ ಹಚ್ಚಲಿಲ್ಲ, ಆದ್ರ ನೋಡೂದು ಬಿಟ್ಟಿಲ್ಲ. ಹಿಂಗಾಗಿ ನಮ್ಮ ಮನ್ಯಾಗ ನಾಟಕಕ್ಕ ಹೋಗೂದಂದ್ರ ಮನರಂಜನಿ ಅಲ್ಲ, ತವರಮನಿಗೆ ಹೋದಂಗ, ಬೈಯೂದೂ ಜಾಸ್ತಿ ಕಣ್ಣೀರೂ ಜಾಸ್ತಿ.

ಟಿಕೆಟ್ ವಿಷಯ. ನಾವು ಹೋದ ಕಡೆ 100, 150, 200 ಹಿಂಗ ಮೂರ ಕ್ಲಾಸು, ಮುಂದ ಕುಷನ್ನಿನ ಕುರ್ಚಿ, ನಡುಕ ಪ್ಲಾಸ್ಟಿಕ್ ಕುರ್ಚಿ, ಹಿಂದ ಮೆಟ್ಟಲಾ ಕಟ್ಟಿದ ಗ್ಯಾಲರಿ. 200ರದು ತಗೋಬ್ಯಾಡ್ರಿ. ರೊಕ್ಕದ ಮಾತಲ್ಲ, ಅಷ್ಟು ಮುಂದ ಕುಂತ್ರ ಸ್ಟೇಜ್ ಎತ್ತರಕ್ಕ ಕುತಗಿ ಹಿಡೀತೈತಿ, ಮತ್ತ ಸ್ಪೀಕರ್ ನಿಮ್ಮ ಕಿವಿ ಬಾಜೂಕ. ನಡುಕಿಂದು ತಗೊಂಡು ಪೇಟಿ ಮಾಸ್ತರ ಕಾಣೂ ಕಡೆ ಕುಂದರ್ರಿ. ಸ್ಟೇಜಿನ ಕೆಳಗ ಒಂದ ಮೂಲ್ಯಾಗ ಪೇಟಿ, ತಬಲಾ, ಈಗೀಗ ಒಂದು ಕೀಬೋರ್ಡು, ರಿದಂ ಪ್ಯಾಡು ಇರ್ತಾವ, ಅವ್ರ ಮಾರಿ ಕಾಣಬೇಕು ನಿಮಗ. ಯಾಕ ಅಂತ ಮುಂದ ಹೇಳ್ತೀನಿ.

ಒಳಗ ಹೋಗಿ ಕುಂತ ಮ್ಯಾಲ ಅವ್ವ ಮಾಡೂ ಮೊದಲನೇ ಕೆಲಸ ಅಂದ್ರ ಹಿಂದ ತಿರಗಿ ಗ್ಯಾಲರಿ ನೋಡೂದು. ಎಲ್ಲಾರೂ ಪರದೆ ಕಡೆ ನೋಡ್ತಿದ್ರ ಈಕಿ ಉಲ್ಟಾ ಕುಂತಾಳ, ನಮ್ಮ ಮಗಳಿಗೆ ನಾಚಿಕಿ. ಕಣ್ಣಾಗ ಅಳತಿ ಮಾಡಿ "ಇವತ್ತ ಅಡ್ಡಿಯಿಲ್ಲ, ಪಗಾರ ಆಕೈತಿ" ಅಂದ್ಲು. ಗ್ಯಾಲರಿ ತುಂಬಿದ್ರ ಮಾತ್ರ ಕಲೆಕ್ಷನ್, ಮುಂದಿನ ಕುರ್ಚಿಯೊಳಗ ಪಾಸಿನವ್ರೂ ಇರ್ತಾರ, ಪಂಚಾಯ್ತಿಯವ್ರು, ಕರೆಂಟಿನವ್ರು, ಅವ್ರನ್ನ ಎಣಿಸಬಾರದು ಅಂತ ಅಜ್ಜ ಕಲಿಸಿದ ಪಾಠ.

ನಾಟಕದ ಕತಿ ಬಗ್ಗೆ ಬರಿಯೂದು ಜಾಸ್ತಿ ಇಲ್ಲ. ದೊಡ್ಡ ಮಗಾ ಒಳ್ಳೇವ, ಸಣ್ಣವ ಕುಡಕ, ಊರ ಗೌಡ ಕೆಟ್ಟಾಂವ, ತಾಯಿ ಬೀದಿಗೆ ಬೀಳ್ತಾಳ, ಕಡೀಕ ಎಲ್ಲಾ ಒಂದಾಗ್ತಾರ. ಇಂಥಾ ಕತಿ ನೂರ ನೋಡೀರಿ. ಮೂರು ತಾಸಿನ ನಾಟಕದಾಗ ಕತಿ ಅನ್ನೂದು ಒಂದು ತಾಸು ಇರಬಹುದು, ಉಳದದ್ದು ಹಾಸ್ಯ, ಹಾಡು, ಡ್ಯಾನ್ಸು. ಪೋಸ್ಟರಿನ್ಯಾಗ ದೊಡ್ಡದಾಗಿ ಫೋಟೋ ಹಾಕಿದ ಸಿನೆಮಾ ನಟಿ ಬಂದದ್ದು ಹತ್ತ ನಿಮಿಷ, ಎರಡು ಹಾಡಿಗೆ ಕುಣದು ಕೈ ಬೀಸಿ ಹೋದ್ಲು, ಸೀಟಿ ಬಿದ್ವು, ಮುಗೀತು. ಆಕಿ ಸಲುವಾಗಿ ಟಿಕೆಟ್ ತಗಸೂವ್ರು ಇದ್ದಾರಂತ ಕರಸ್ತಾರ, ತಪ್ಪಂತ ಹೇಳಾಕ ನಾ ಯಾರು, ಆದ್ರ ನೀವು ಆ ಫೋಟೋ ನೋಡಿ ಹೋಗಬ್ಯಾಡ್ರಿ.

ನೋಡಬೇಕಾದ್ದು ತಾಯಿ ಪಾರ್ಟು ಮಾಡಿದಾಕಿನ್ನ. ಐವತ್ತೈದರ ಮ್ಯಾಲ ಇರಬೇಕು, ಗಿಡ್ಡ, ಸ್ವಲ್ಪ ದಪ್ಪ, ಹೊರಗ ನೋಡಿದ್ರ ಸಂತ್ಯಾಗ ಉಳ್ಳಾಗಡ್ಡಿ ಮಾರೂ ಹೆಣಮಗಳು ಅನಬೇಕು. ಮಗಾ ಮನೀಂದ ಹೊರಗ ಹಾಕಿದ ಮ್ಯಾಲ ಒಂದು ಸೀನ್ ಐತಿ, ಸೊಸಿ ಕೊಟ್ಟ ತಂಗಳ ರೊಟ್ಟಿ ಸೆರಗಿನ್ಯಾಗ ಕಟಗೊಂಡು ನಿಂತು ಮಾತಾಡ್ತಾಳ. ಆ ಮಾತು ಹಂಗ ನಿಧಾನಕ ಹಾಡಿಗೆ ತಿರಗತೈತಿ, ಎಲ್ಲಿ ಮಾತು ಮುಗದು ಎಲ್ಲಿ ರಾಗ ಶುರುವಾತು ಹೇಳಾಕ ಬರೂದಿಲ್ಲ. ನಾ ಪೇಟಿ ಕಡೆ ನೋಡಿದೆ. ಮಾಸ್ತರ ಆಕಿ ಬಾಯಿನ್ನಲ್ಲ, ಆಕಿ ಎದಿ ನೋಡ್ಲಿಕತ್ತಿದ್ದ, ಉಸುರು ತಗೊಂಡ ಕೂಡ್ಲೆ ಸುರ ಹಿಡದ. ನಾಕನೇ ಸಾಲಿಗೆ ಗ್ಯಾಲರಿಯಾಗ ಒಬ್ಬಾಂವ "ಯವ್ವಾ, ನಮ್ಮ ಮನಿಗಿ ಬಾರಬೇ" ಅಂತ ಒದರಿದ. ಮಂದಿ ನಕ್ರು. ಬ್ಯಾರೆ ಯಾರಾದ್ರೂ ಆಗಿದ್ರ ಅಲ್ಲಿಗೆ ಸೀನ್ ಹಾಳಾಗ್ತಿತ್ತು. ಆಕಿ ನಿಂತ್ಲು, ಗ್ಯಾಲರಿ ಕಡೆ ನೋಡಿದ್ಲು, "ನಿನ್ನ ಹೆಂಡ್ತಿ ಏನಂತಾಳೋ ತಮ್ಮಾ, ಕೇಳಿಕೊಂಡು ಬಂದಿಯೇನ?" ಅಂದ್ಲು ಅದ ಅಳೂ ದನಿಯಾಗ. ಥೇಟರ ಅನ್ನೂ ಥೇಟರ ಬಿದ್ದು ಬಿದ್ದು ನಕ್ಕಿತು, ಅಷ್ಟೂ ಹೊತ್ತು ಮಾಸ್ತರ ಒಂದ ಸುರದ ಮ್ಯಾಲ ಬಟ್ಟ ಬಿಡದ ಹಿಡದ ಕುಂತಿದ್ದ, ನಗಿ ಇಳಿಯೂದರಾಗ ಆಕಿ ಅದ ಸಾಲನ್ನ ಮತ್ತೊಮ್ಮೆ ಎತ್ತಿದ್ಲು, ಈಗ ಒಂದು ಮೆಟ್ಟಲಾ ಮ್ಯಾಲ, ನಕ್ಕವ್ರೆಲ್ಲಾ ಗಪ್ಪಾದ್ರು. ನಮ್ಮವ್ವ ನನ್ನ ಮೊಣಕೈ ಹಿಡದು "ಕಂಪನಿ ಕೂಸು ಇದು, ಹೊರಗಿಂದ ಬಂದದ್ದಲ್ಲ" ಅಂದ್ಲು.

ಇದನ್ನ ಯಾಕ ಇಷ್ಟುದ್ದ ಬರದೆ ಅಂದ್ರ, ಅದ ನಾಟಕದಾಗ ಅದ ಆಕಿದು ಇನ್ನೊಂದು ಹಾಡಿತ್ತು, ಅದಕ್ಕ ಪೆನ್ ಡ್ರೈವಿನ ಟ್ರ್ಯಾಕ್ ಹಾಕಿದ್ರು. ಮ್ಯೂಸಿಕ್ ದೊಡ್ಡದು, ಪಿಟೀಲು, ಕೊಳಲು, ಎಲ್ಲಾ ಇತ್ತು. ಆದ್ರ ಟ್ರ್ಯಾಕ್ ಯಾರಿಗೂ ಕಾಯೂದಿಲ್ಲ ನೋಡ್ರಿ. ಆಕಿ ಒಂದು ಮಾತಿನ ಮ್ಯಾಲ ನಿಂದ್ರಬೇಕಂದ್ಲು, ಮ್ಯೂಸಿಕ್ ಮುಂದ ಹೋತು, ಲಗೂಲಗೂ ಹಾಡಿ ಹಿಡಕೊಂಡ್ಲು, ಮಂದಿ ಚಪ್ಪಾಳಿ ಹೊಡದ್ರೂ ನಿಂದರೂ ಹಂಗಿಲ್ಲ. ಒನ್ಸ್ ಮೋರ್ ಅಂತ ಒದರಿದ್ರ ಯಾರಿಗಿ ಕೊಡಬೇಕು, ಪೆನ್ ಡ್ರೈವಿಗೆ? ಪೇಟಿ ಇದ್ದಾಗ ನಟಿ ಹಿಂದ ಸಂಗೀತ ಬರ್ತಿತ್ತು, ಈಗ ಸಂಗೀತದ ಹಿಂದ ನಟಿ ಓಡಬೇಕು. ಕಂಪನಿ ನಾಟಕ ಕೆಟ್ಟಾವು ಅಂತ ಎಲ್ಲಾರೂ ಡಬಲ್ ಮೀನಿಂಗ್ ಮಾತಿಗೆ ಬೈತಾರ, ನನ್ನ ಕೇಳಿದ್ರ ಕೆಟ್ಟದ್ದು ಇಲ್ಲೆ. ಮಾಲಕರ ಕಷ್ಟಾ ಗೊತ್ತು, ಒಬ್ಬ ಪೇಟಿಯವ್ನಿಗೆ ತಿಂಗಳ ಪಗಾರ, ಊಟಾ, ವಸತಿ ಕೊಡಬೇಕು, ಪೆನ್ ಡ್ರೈವ್ ಊಟಾ ಕೇಳೂದಿಲ್ಲ. ಹಂಗಂತ ನೋಡೂವ್ರಿಗೆ ಆಗೂ ಲುಕ್ಸಾನ ಲುಕ್ಸಾನನ ಹೌದಲ್ಲ.

ಡಬಲ್ ಮೀನಿಂಗ್ ವಿಷಯ ಬಂತಂತ ಹೇಳ್ತೀನಿ, ಐತಿ, ಭಾಳ ಐತಿ. ಪೋಸ್ಟರಿನ ಹೆಸರ ಓದಿದ್ರ ಗೊತ್ತಾಕ್ಕೈತಿ. ಹಾಸ್ಯದಾಂವ ಮತ್ತ ಅವ್ನ ಜೋಡಿ ಇಬ್ರೂ ಸ್ಟೇಜಿಗೆ ಬಂದ್ರಂದ್ರ ಹದಿನೈದು ನಿಮಿಷ ಅದ. ನಮ್ಮ ಮಗಳು ಒಂಬತ್ತನೇತ್ತೆ, ಅರ್ಧ ತಿಳೀಲಿಲ್ಲ, ತಿಳದದ್ದಕ್ಕ ತಿಳೀಲಿಲ್ಲ ಅನ್ನೂ ಹಂಗ ಕುಂತಿದ್ಲು, ನಮ್ಮ ಮನಿಯವ್ರು ಮೊಬೈಲ್ ನೋಡ್ಲಿಕತ್ರು. ಅವ್ವ ಮಾತ್ರ ಒಂದೆರಡಕ್ಕ ಜೋರ ನಕ್ಲು! ಅಮ್ಯಾಲ ಕೇಳಿದ್ರ, "ಹಿಂದೂ ಇತ್ತಬೇ, ಇಲ್ಲೇನ, ಆದ್ರ ಅವ್ರು ಅರ್ಧಾ ಹೇಳಿ ಬಿಡ್ತಿದ್ರು, ಇವ್ರು ಪೂರಾ ಹೇಳಿ ಮತ್ತ ಕೈಲೆ ಮಾಡಿ ತೋರಸ್ತಾರ" ಅಂತ. ನನಗೂ ಹಂಗ ಅನಿಸ್ತು. ಸಣ್ಣ ಹುಡುಗ್ರು ಜೋಡಿ ಇದ್ರ ಸಂಜಿ ಆಟಕ್ಕ ಹೋಗ್ರಿ, ಹೊತ್ತಾದಂಗ ಮಾತು ಸಡಲಾಕ್ಕಾವ, ನಡರಾತ್ರಿ ಆಟ ಗಂಡಸರಿಗೇ ಅಂತ ತಿಳಕೊಂಡ ಆಡ್ತಾರ. ಜಾತ್ರಿ ಜೋರಿದ್ದ ದಿನ ಬೆಳತನಕ ಆಟದ ಮ್ಯಾಲ ಆಟ ನಡೀತಾವ.

ಇನ್ನ ಸೌಂಡ್. ಬಾಜೂ ಥೇಟರಿನ ಕೊಲಿ ಸೀನಿನ ಚೀರಾಟ ನಮ್ಮ ನಾಟಕದ ಮದಿವಿ ಸೀನಿನ್ಯಾಗ ಕೇಳ್ತಿತ್ತು, ಅದಕ್ಕ ಇವ್ರೂ ವಾಲ್ಯೂಮ್ ಏರಸ್ತಾರ, ಅವ್ರೂ ಏರಸ್ತಾರ. ತೂಗ ಬಿಟ್ಟ ಮೈಕ್ ಹೋಗಿ ಎಲ್ಲಾರ ಗಲ್ಲಕ್ಕ ಮೈಕ್ ಬಂದಾವ, ಹಿಂಗಾಗಿ ಹುಡುಗ ನಟರಿಗೆ ದನಿ ಬಿಡೂದ ಮರತೈತಿ. ತಾಯಿ ಪಾರ್ಟಿನಾಕಿ ಮೈಕ್ ಗಲ್ಲಕ್ಕ ಇದ್ರೂ ಆಕಿಗೆ ಅದರ ಹಂಗಿಲ್ಲ ಅಂತ ಕೇಳಿದ ಕೂಡ್ಲೆ ಗೊತ್ತಾಕ್ಕೈತಿ, ಹಿಂದಿನ ಮೆಟ್ಟಲಾದಾಗ ಕುಂತವ್ನಿಗೆ ಮುಟ್ಟಸೂ ಹಂಗ ಮಾತಿನ ಕಡೀ ಅಕ್ಷರ ನುಂಗದ ಬಿಡ್ತಿದ್ಲು. ಸಂಡಾಸ ಬಗ್ಗೆ ಕೇಳಬ್ಯಾಡ್ರಿ, ಹೆಣಮಕ್ಕಳು ಗುಡಿ ಕಡೆ ಮುಗಿಸಿಕೊಂಡ ಬಂದ್ರ ಚಲೋ. ಧೂಳಾ ಐತಿ, ಥಂಡಿ ಐತಿ, ಜನವರಿ ರಾತ್ರಿ ತಗಡಿನ ಕೆಳಗ ಕುಂದರೂದಂದ್ರ ಶಾಲು, ಮಫ್ಲರ್ ಬೇಕ ಬೇಕು.

ಆಟ ಬಿಟ್ಟ ಮ್ಯಾಲ ಅವ್ವ ಹೊರಗ ಬರವಲ್ಲಳು, ಸೀದಾ ಸ್ಟೇಜಿನ ಹಿಂದಕ್ಕ ನಡದ್ಲು. ಗೇಟಿನಾಂವ ಅಡ್ಡ ಬಂದ, ಅವ್ವ ಅಜ್ಜನ ಹೆಸರ ಹೇಳಿದ್ಲು, ಅವ್ನಿಗೆ ಗೊತ್ತಿಲ್ಲ, ಹುಡುಗ. ಒಳಗಿಂದ ಆ ತಾಯಿ ಪಾರ್ಟಿನಾಕಿನ ಅರ್ಧ ಬಣ್ಣಾ ಒರಸಿಕೊಂಡು ಬಂದು "ಪೇಟಿ ಮಾಸ್ತರ ಮಗಳಾ? ಬರ್ರಿ ಅಕ್ಕಾರ" ಅಂದ್ಲು. ಆಕಿ ಅವ್ವ, ನಮ್ಮಜ್ಜ ಒಂದ ಕಂಪನಿಯಾಗ ಇದ್ದವ್ರಂತ. ಪರದೆ ಹಿಂದ ತಾಡಪತ್ರಿ ಕಟ್ಟಿ ಸಣ್ಣ ಸಣ್ಣ ಖೋಲಿ ಮಾಡ್ಯಾರ, ಒಂದೊಂದು ಸಂಸಾರಕ್ಕ ಒಂದೊಂದು, ಟ್ರಂಕು, ಗ್ಯಾಸಿನ ಒಲಿ, ಹಗ್ಗದ ಮ್ಯಾಲ ರಾಜನ ಅಂಗಿ ಜೋಡಿ ಸಾಲಿ ಯುನಿಫಾರ್ಮ್ ಒಣಗಾಕ ಹಾಕಿದ್ರು. ಕುಡಕ ಮಗನ ಪಾರ್ಟಿನಾಂವ ಆಕಿ ಖರೇವಂದ್ರೂ ಮಗನ. ಗೌಡನ ಪಾರ್ಟಿನಾಂವ ಆಕಿ ಗಂಡ. ಸ್ಟೇಜ್ ಮ್ಯಾಲ ತಾಯಿನ್ನ ಒದ್ದು ಹೊರಗ ಹಾಕಿದ ಹುಡುಗ ಅಲ್ಲೆ ಕುಂತು ಆಕಿಗೆ ಬಿಸಿ ಚಾ ಸೋಸಿ ಕೊಡ್ಲಿಕತ್ತಿದ್ದ, ನಮ್ಮ ಮಗಳು ನೋಡೇ ನೋಡಿದ್ಲು.

ಮನೀಮಂದೆಲ್ಲಾ ಬಣ್ಣಾ ಹಚ್ಚೂದು ಹೊಸದೇನಲ್ಲ. ಕಂಪನಿ ನಾಟಕದ ಇತಿಹಾಸನ ಸಂಸಾರಗಳ ಇತಿಹಾಸ. 1884ರಾಗ ಶುರುವಾದ ಗುಬ್ಬಿ ಕಂಪನಿ ತಗೋರಿ, ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವ್ರು ಅಲ್ಲಿ ನಟ, ಅವ್ರ ಜೋಡಿ ಸಣ್ಣ ವಯಸ್ಸಿನ್ಯಾಗ ಹೋದ ಮುತ್ತುರಾಜನ ಮುಂದ ರಾಜಕುಮಾರ ಆದ್ರು. ಆ ಕಂಪನಿ ನಡಸಿದ ಗುಬ್ಬಿ ವೀರಣ್ಣನವ್ರ ಮೊಮ್ಮಗಳು ಬಿ. ಜಯಶ್ರೀ ಇವತ್ತಿಗೂ ಹಾಡಿದ್ರ ಸ್ಟೇಜ್ ಅದರತೈತಿ. ಕೆ. ಹಿರಣ್ಣಯ್ಯನವ್ರ ಮಗಾ ಮಾಸ್ಟರ್ ಹಿರಣ್ಣಯ್ಯ. ನಮ್ಮ ಕಡೆ ಬಂದ್ರ ಮನಸೂರಿನ ಅಣ್ಣ ಬಸವರಾಜ ನಾಟಕದಾಗ ಇದ್ದ ಅಂತ ತಮ್ಮ ಮಲ್ಲಿಕಾರ್ಜುನನೂ ಸಣ್ಣಾಂವ ಇದ್ದಾಗ ಬಣ್ಣಾ ಹಚ್ಚಿದ, ಆ ಹುಡುಗನ ಮುಂದ ಮಲ್ಲಿಕಾರ್ಜುನ ಮನಸೂರ. ಇಲ್ಲೇ ಬೀಳಗಿಯ ಅಮೀರಬಾಯಿ, ಗೋಹರಬಾಯಿ ಅಕ್ಕತಂಗ್ಯಾರು, ಒಬ್ಬಾಕಿ ಹಿಂದಿ ಸಿನೆಮಾದಾಗ ಹೆಸರ ಮಾಡಿದ್ಲು, ಇನ್ನೊಬ್ಬಾಕಿ ಬಾಲಗಂಧರ್ವರ ಜೋಡಿ ಮರಾಠಿ ಸ್ಟೇಜಿನ್ಯಾಗ. ಏಣಗಿ ಬಾಳಪ್ಪನವ್ರಂತೂ ನೂರ ದಾಟಿ ಬದುಕಿ 2017ರಾಗ ಹೋದ್ರು, ಬಸವಣ್ಣನ ಪಾರ್ಟಿಗೆ ಹೆಸರಾದವ್ರು, ಅವ್ರ ಮನಿಯಾಗ ಲಕ್ಷ್ಮೀಬಾಯಿಯವ್ರೂ ನಟಿ, ಮಗಾ ನಟರಾಜನೂ ನಟ. ಗದಗಿನ ಪುಟ್ಟರಾಜ ಗವಾಯಿಗಳ ಆಶ್ರಮದ್ದು ಬ್ಯಾರೆ ಥರದ ಸಂಸಾರ, ಕಣ್ಣಿಲ್ಲದ ಹುಡುಗ್ರಿಗೆ ಊಟಾ ವಿದ್ಯಾ ನಡೀಲಿ ಅಂತ ಆಶ್ರಮನ ನಾಟಕ ಕಂಪನಿ ಕಟ್ಟಿತ್ತು. ನಮ್ಮಜ್ಜ ಅವ್ರ ಹೆಸರ ತಗೊಂಡಾಗ ಒಮ್ಮೆ ಕಿವಿ ಮುಟ್ಟಿಕೊಂತಿದ್ದ.

ತಾಯಿ ಪಾರ್ಟಿನಾಕಿ ಅವ್ವನ್ನ ಕುಂದರಿಸಿ ಚಾ ಕೊಟ್ಟು ಹೇಳಿದ್ದು ಇಷ್ಟ, "ಜಾತ್ರಿ ಸೀಜನ್ ಬೇಸಗಿ ಮುಗಿಯೂಮಟ, ಅಲ್ಲಿಂದ ಮಳಿ, ಮಳಿಯಾಗ ಯಾರ ಬರತಾರ ಅಕ್ಕಾರ, ಇಲ್ಲೆ ಗಳಸಿದ್ದರಾಗ ಸಾಲಾ ತೀರಸಬೇಕು." ಮೊಮ್ಮಗಳಿಗೆ ಬಣ್ಣಾ ಹಚ್ಚಸ್ತಿಯೇನ ಅಂತ ಅವ್ವ ಕೇಳಿದ್ಲು. ಆಕಿ ಉತ್ತರಾ ಕೊಡಲಿಲ್ಲ, ಮೂಲ್ಯಾಗ ಕುಂತು ಗಣಿತ ಮಾಡ್ಲಿಕತ್ತ ಹುಡುಗಿ ತಲಿ ಎತ್ತದ "ನಾ ಈಗಾಗ್ಲೇ ಮಾಡ್ತೀನಲ್ಲ" ಅಂತು. ಮೊದಲನೇ ಅಂಕದಾಗ ಬಂದು ಗೌಡನ ಕಾಲ ಹಿಡದ ಹುಡುಗಿ ಅದ, ನಾವು ಗುರ್ತ ಹಿಡದಿದ್ದಿಲ್ಲ.

ಊಟದ ಬಗ್ಗೆ ಹೇಳದಿದ್ರ ಪಾಪ ಹತ್ತೀತು. ಆಟಕ್ಕ ಮೊದಲ ಹೋಟೆಲ್ ಹುಡುಕಬ್ಯಾಡ್ರಿ. ಗುಡಿ ಹತ್ರ, ಹೊಂಡದ ಸುತ್ತಮುತ್ತ ಸುತ್ತಲ ಹಳ್ಳಿ ಹೆಣಮಕ್ಕಳು ಬುಟ್ಟಿ ಇಟಗೊಂಡು ಕುಂತಿರ್ತಾರ, ಬಿಳಿ ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಝುಣಕಾ, ಬದ್ನಿಕಾಯಿ ಪಲ್ಲೆ, ಕೆಂಪ ಖಾರ, ಸಣ್ಣ ಗಡಿಗ್ಯಾಗ ಗಟ್ಟಿ ಮೊಸರು. "ಉಣ್ಣ ಬಾರೋ ಯಪ್ಪಾ" ಅಂತ ಕರೀತಾರ, ಕರದ ಕಡೆ ಕುಂದರ್ರಿ. ಝುಣಕಾ ಒಬ್ಬೊಬ್ಬರದು ಒಂದೊಂದು ರುಚಿ, ಖಾರ ತಡೀದವ್ರು ಮೊಸರು ಮೊದಲ ತಗೋರಿ. ಥೇಟರ ಹೊರಗಿನ ಮಿರ್ಚಿ ಮಂಡಕ್ಕಿನೂ ಅಡ್ಡಿಯಿಲ್ಲ, ಆದ್ರ ಎಣ್ಣಿ ಯಾವಾಗಿಂದೋ ದೇವಿಗೇ ಗೊತ್ತು.

ಮಾರ್ಕ್ಸ್ ಕೊಡು ಅಂದ್ರ: ಕತಿಗೆ ಎರಡು, ಸೌಂಡಿಗೆ ಒಂದು, ಕುರ್ಚಿಗೆ ಎರಡೂವರಿ, ಪೇಟಿ ಮಾಸ್ತರಗ ಐದಕ್ಕ ಐದು, ಆ ತಾಯಿ ಪಾರ್ಟಿಗೆ ನನ್ನ ಹತ್ರ ಅಷ್ಟು ಮಾರ್ಕ್ಸ್ ಇಲ್ಲ. ಹೋಗೂವ್ರಿಗೆ ಎರಡ ಮಾತು. ಬುಕಿಂಗಿನ್ಯಾಗ ಟಿಕೆಟ್ ತಗೊಳ್ಳೂ ಮೊದಲ ಪೇಟಿ ಐತೋ ಬರೇ ಟ್ರ್ಯಾಕೋ ಅಂತ ಕೇಳ್ರಿ, ಕೇಳೂವ್ರು ಜಾಸ್ತಿ ಆದ್ರ ಮಾಲಕರಿಗೂ ಮುಟ್ಟತೈತಿ. ತೇರಿನ ದಿನ ಬ್ಯಾಡ, ಕಾಲ ಇಡಾಕ ಜಾಗಾ ಇರೂದಿಲ್ಲ, ಒಂದು ವಾರ ಬಿಟ್ಟು ನಡುವಾರದಾಗ ಹೋಗ್ರಿ, ಗ್ಯಾಲರಿ ಖಾಲಿ ಇರ್ತೈತಿ, ಅವ್ರಿಗೂ ನಾಕ ರೂಪಾಯಿ ಆಗತೈತಿ. ರೈಲಿಗೆ ಬರೂವ್ರು ನೆನಪಿಡ್ರಿ, ಬಾದಾಮಿ ಸ್ಟೇಷನ್ ಊರಿಂದ ದೂರ, ರಾತ್ರಿ ಆಟ ಬಿಟ್ಟ ಮ್ಯಾಲ ಟಂಟಂನವ್ರು ಬಾಯಿಗೆ ಬಂದಷ್ಟು ಕೇಳ್ತಾರ, ಹೋಗೂ ಮುಂದನ ಒಬ್ಬಾವ್ನ ನಂಬರ್ ತಗೊಂಡು ಮಾತಾಡಿ ಇಟಗೋರಿ. ನಾವು ಮುಂದಿನ ಸಲ ಬಾದಾಮ್ಯಾಗ ರೂಮ್ ಮಾಡಿ ಎರಡು ಕಂಪನಿದು ನೋಡೂದಂತ ಆಗೇತಿ, ಸಂಜೀದು ನಮ್ಮ ಸಲುವಾಗಿ, ರಾತ್ರೀದು ಅವ್ವನ ಸಲುವಾಗಿ.